ಬೊಟ್ಟಲ್ಲ, ಬೋಲ್ಟು

ಸಭಾಧ್ಯಕ್ಷರೂ ಕನ್ನಡ ಅಧ್ಯಾಪಕರೂ ಆದ ಮುರಳಿಯವರೇ, ಅತ್ತಿಬೆಲೆಯಿಂದ ಹೊರಟು ಇಡೀ ಬೆಂಗಳೂರನ್ನು ಅಡ್ಡಕ್ಕೆ ದಾಟಿ ಮೂರು ಗಂಟೆ ಪ್ರಯಾಣ ಮಾಡಿ ಬಂದಿರುವ ಮುಖ್ಯ ಅತಿಥಿ ನಲ್ಲಪ್ಪನವರೇ, ಇಪ್ಪತ್ತೈದನೆಯ ವಾರ್ಷಿಕೋತ್ಸವ ಆಚರಿಸಿಕೊಳ್ಳುತ್ತಿರುವ ನಮ್ಮ ಮಾಕಳಿಯ ಸೋಬಾನೆ ಬಳಗದ ತಾಯಂದಿರೇ, ಅವರನ್ನು ಮನೆಗೆ ಕರೆದುಕೊಂಡು ಹೋಗಲು ಬಂದು ಇಲ್ಲಿ ಸಿಕ್ಕಿಹಾಕಿಕೊಂಡಿರುವ ಯಜಮಾನರುಗಳೇ, ಮುಂದಿನ ಸಾಲಿನಲ್ಲಿ ಕೂತು ನನ್ನ ಮುಖ ನೋಡದೆ ಫ್ಯಾನು ನೋಡುತ್ತಿರುವ ಪಿಳ್ಳಮ್ಮಕ್ಕನವರೇ, ಮತ್ತು ನನ್ನ ಪ್ರೀತಿಯ ಸಭಿಕರೇ.

ನಿರೂಪಣೆ ಮಾಡುತ್ತಿರುವ ಯಮುನಾ ಈಗಷ್ಟೇ ನನ್ನನ್ನು "ಕವಿ ಹನುಮಂತರಾಯಪ್ಪ" ಎಂದು ಕರೆದಳು. ಆ ಹುಡುಗಿಯ ಬಾಯಿಗೆ ಸಕ್ಕರೆ ಹಾಕಬೇಕು. ಆದರೆ ನಾನು ಕವಿಯೇ? ಅಲ್ಲ. ನಾನು ಟರ್ನರ್, ಕಬ್ಬಿಣ ಕಡೆಯುವವನು. ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಲೇತ್ ಮಿಷಿನ್ನಿನ ಮುಂದೆ ನಿಂತವನು. ಎಪ್ಪತ್ತು ವರ್ಷದ ಬದುಕಿನಲ್ಲಿ ನಾನು ಬರೆದದ್ದು ಒಂದೇ ಒಂದು ಹಾಡು. ಒಂದು ಹಾಡು ಬರೆದವನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ! ಇನ್ನೊಂದು ಬರೆದಿದ್ದರೆ ಬಹುಶಃ ಅದನ್ನೆಲ್ಲ ವಾಪಸ್ಸು ಕೇಳುತ್ತಿದ್ದಿರಿ.

ನಮ್ಮ ಟರ್ನರ್ ಕೆಲಸದ ಬಗ್ಗೆ ಎರಡು ಮಾತು ಹೇಳಿದರೆ ನನ್ನ ಸ್ವಭಾವ ನಿಮಗೆ ಅರ್ಥವಾದೀತು. ಗ್ರಾಹಕರು ಕೊಡುವ ಡ್ರಾಯಿಂಗಿನಲ್ಲಿ ಅಳತೆ ಬರೆದಿರುತ್ತದೆ. ಅದರ ಪಕ್ಕದಲ್ಲಿ, ಇಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂದೂ ಬರೆದಿರುತ್ತದೆ. ಅದಕ್ಕೆ ನಾವು ಟಾಲರೆನ್ಸ್ ಎನ್ನುತ್ತೇವೆ. ಕೂದಲಿನ ದಪ್ಪದಷ್ಟು ಮೀರಿದರೂ ಮಾಲು ವಾಪಸ್ಸು. ಮೂವತ್ತೊಂದು ವರ್ಷದಲ್ಲಿ ನನ್ನ ಕೈಯಿಂದ ಹೋದ ಮಾಲು ಎಷ್ಟು ಸಲ ವಾಪಸ್ಸು ಬಂದಿರಬಹುದು? ಎರಡು ಸಲ. ಅದರಲ್ಲಿ ಒಂದು ಸಲ ಡ್ರಾಯಿಂಗೇ ತಪ್ಪಿತ್ತು. ಇಂಥವನು ಹಾಡು ಬರೆದರೆ ಏನಾಗುತ್ತದೆ? ಅವನ ಹಾಡಿಗೆ ಟಾಲರೆನ್ಸೇ ಇರುವುದಿಲ್ಲ. ಬೋಲ್ಟು ಎಂದರೆ ಬೋಲ್ಟು.

ಈಗ ವಿಷಯಕ್ಕೆ ಬರುತ್ತೇನೆ. ಬಳಗದವರು ಇಪ್ಪತ್ತೈದು ವರ್ಷದ ನೆನಪಿಗೆ ಒಂದು ಹಾಡಿನ ಪುಸ್ತಕ ತರುತ್ತಿದ್ದಾರೆ. ಸೋಮವಾರ ಅದು ಅಚ್ಚಿಗೆ ಹೋಗಬೇಕು. ನಲವತ್ತೊಂದನೆಯ ಪುಟದಲ್ಲಿ ನನ್ನ ಹಾಡಿದೆ. ಆ ಹಾಡಿನ ಮೂರನೆಯ ಸಾಲಿನಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದಾರೆ. ಅಲ್ಲಿ ಬೋಲ್ಟು ಇರಬೇಕೋ, ಬೊಟ್ಟು ಇರಬೇಕೋ ಎನ್ನುವುದು ಇಪ್ಪತ್ತೆಂಟು ವರ್ಷದ ಜಗಳ. ಒಂದು ಕಡೆ ನಾನು. ಇನ್ನೊಂದು ಕಡೆ ಪಿಳ್ಳಮ್ಮಕ್ಕ, ಮತ್ತು ಪಿಳ್ಳಮ್ಮಕ್ಕನ ಬಾಯಿಂದ ಹಾಡು ಕಲಿತ ಈ ಭಾಗದ ಎಲ್ಲ ಹೆಂಗಸರು. ಮೂರನೆಯ ಸಾಲಿನಲ್ಲಿ ಕೂತಿರುವ ನನ್ನ ಹೆಂಡತಿ ಅನುಸೂಯಮ್ಮನೂ ಆ ಕಡೆಯೇ. ಸಮಿತಿಯವರು ಜಾಣರು. ಬರೆದವರೇ ಸಭೆಯಲ್ಲಿ ತೀರ್ಮಾನ ಹೇಳಲಿ ಎಂದು ನನ್ನನ್ನು ಇಲ್ಲಿ ತಂದು ನಿಲ್ಲಿಸಿದ್ದಾರೆ. ಕರಡು ಪ್ರತಿ ಇಗೋ, ನನ್ನ ಕೈಯಲ್ಲಿದೆ. ಪೆನ್ನನ್ನು ಮಾತ್ರ ಅಧ್ಯಕ್ಷರಿಂದ ಸಾಲ ತೆಗೆದುಕೊಂಡಿದ್ದೇನೆ.

ಹಾಡು ನಿಮಗೆಲ್ಲ ಬಾಯಿಪಾಠ. ಆದರೂ ನಾನು ಬರೆದ ಹಾಗೆ ಒಮ್ಮೆ ಓದುತ್ತೇನೆ. ಹಾಡುವುದಿಲ್ಲ, ಹೆದರಬೇಡಿ.

ಲಾರಿ ಬಂತು ಏಳೆ ಗೌರಿ, ಊರ ಬಿಡಬೇಕು
ಗೋಡೆ ಒಡೆದು ದಾರಿ ಕೊಟ್ಟೆ, ನೀನು ನಡಿಬೇಕು
ನಾಲ್ಕು ಬೋಲ್ಟು ಬಿಚ್ಚೋವಾಗ ಕೈಯಿ ನಡುಗೈತೆ
ನೀನು ನಿಂತ ನೆಲ ಇನ್ನಾ ಬೆಚ್ಚಗೆ ಮಲಗೈತೆ

ಈ ಗೌರಿ ಯಾರು? ಗೌರಿ ನನ್ನ ಲೇತ್ ಮಿಷಿನ್ನು, ಸ್ವಾಮಿ. ಗೌರಿಹಬ್ಬದ ದಿನ ನಮ್ಮ ಶೆಡ್ಡಿಗೆ ಬಂದಳು, ಅದಕ್ಕೆ ಆ ಹೆಸರು. ನಾನೇ ಸಣ್ಣ ಉಳಿಯಲ್ಲಿ ಅವಳ ತಲೆಯ ಭಾಗದಲ್ಲಿ ಹೆಸರು ಕೊರೆದೆ. "ಗೌ" ಅಕ್ಷರದ ಬಾಲ ಸ್ವಲ್ಪ ಸೊಟ್ಟಗಾಯಿತು. ಹದಿನಾರು ವರ್ಷ ಅವಳ ಜೊತೆ ಕೆಲಸ ಮಾಡಿದೆ. ಬೆಳಿಗ್ಗೆ ಅವಳ ಸದ್ದು ಕೇಳಿದರೆ ಇವತ್ತು ಎಣ್ಣೆ ಬೇಕೋ, ಬೆಲ್ಟು ಬಿಗಿಯಬೇಕೋ ನನಗೆ ಗೊತ್ತಾಗುತ್ತಿತ್ತು. ಅನುಸೂಯಮ್ಮನ ಸದ್ದು ಅಷ್ಟು ಬೇಗ ಅರ್ಥವಾಗುತ್ತಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ತೊಂಬತ್ತೇಳರಲ್ಲಿ ಕಂಪ್ಯೂಟರಿನ ಮಿಷಿನ್ನು ಬಂತು, ಶೆಡ್ಡಿನ ಯಜಮಾನರು ಗೌರಿಯನ್ನು ಮಾರಿಬಿಟ್ಟರು. ಯಾರಿಗೆ ಮಾರಿದರು, ಎಲ್ಲಿಗೆ ಹೋಯಿತು ಎಂದು ನಾನು ಕೇಳಲಿಲ್ಲ. ಕೇಳಿದರೆ ಹೋಗಿ ನೋಡಬೇಕಾಗುತ್ತದಲ್ಲ. ಅವಳು ಬಂದ ಮೇಲೆ ಶೆಡ್ಡಿಗೆ ಮುಂದಿನ ಗೋಡೆ ಕಟ್ಟಿದ್ದರಿಂದ ಹೊರಗೆ ತರಲು ಆ ಗೋಡೆಯನ್ನೇ ಒಡೆಯಬೇಕಾಯಿತು. ನೆಲಕ್ಕೆ ಹಿಡಿದಿದ್ದ ನಾಲ್ಕು ಬೋಲ್ಟುಗಳನ್ನು ಬಿಚ್ಚಿದವನು ನಾನು. ಕ್ರೇನಿನವನು ಸರಪಳಿ ಸುತ್ತುವಾಗ ಒಂದು ಕೊಂಡಿ ಬಿಗಿಯಬೇಕಿತ್ತು. ಅದಕ್ಕೆ ಇಪ್ಪತ್ನಾಲ್ಕನೇ ನಂಬರಿನ ಸ್ಪ್ಯಾನರ್ ಬೇಕಾಯಿತು. ಅದನ್ನು ಹುಡುಕಲು ನಾನು ಶೆಡ್ಡಿನ ಹಿಂದಕ್ಕೆ ಹೋದೆ. ಬರುವಷ್ಟರಲ್ಲಿ ಲಾರಿ ಹೊರಟುಹೋಗಿತ್ತು. ಇಷ್ಟೇ ನಡೆದದ್ದು. ಹಾಡಿನಲ್ಲಿ ಇದಕ್ಕಿಂತ ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆ ಇಲ್ಲ ಎಂದು ನಾನು ಇಪ್ಪತ್ತೆಂಟು ವರ್ಷ ವಾದ ಮಾಡಿದೆ.

ಆ ವರ್ಷದ ಆಯುಧಪೂಜೆಗೆ ಶೆಡ್ಡಿನಲ್ಲಿ ಈ ಹಾಡು ಹಾಡಿದೆ. ಪಿಳ್ಳಮ್ಮಕ್ಕ ಆಗ ನಮ್ಮಲ್ಲಿ ಟೀ ಕಾಯಿಸಿ, ಕಬ್ಬಿಣದ ಚೂರು ಗುಡಿಸುವ ಕೆಲಸದಲ್ಲಿದ್ದರು. ಕಣ್ಣೊರೆಸಿಕೊಂಡು ಕೇಳಿದರು. ನನಗೂ ಹೆಮ್ಮೆಯಾಯಿತು. ಮುಂದಿನ ಮಾಘಮಾಸದಲ್ಲಿ ಒಂದು ಮದುವೆಗೆ ಹೋಗುತ್ತೇನೆ, ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಪಿಳ್ಳಮ್ಮಕ್ಕ ನನ್ನ ಹಾಡನ್ನು ಹಾಡುತ್ತಿದ್ದಾರೆ! "ನಾಲ್ಕು ಬೊಟ್ಟು ಇಕ್ಕೋವಾಗ ಕೈಯಿ ನಡುಗೈತೆ" ಎನ್ನುತ್ತಿದ್ದಾರೆ! ಹುಡುಗಿಯ ತಾಯಿ ಅಳುತ್ತಿದ್ದಾರೆ, ಹುಡುಗಿ ಅಳುತ್ತಿದ್ದಾಳೆ, ಫೋಟೋಗ್ರಾಫರ್ ಅಳುತ್ತಿದ್ದಾನೆ. ನಾನೊಬ್ಬ ಮಾತ್ರ ಸಿಟ್ಟಿನಿಂದ ಕುದಿಯುತ್ತಿದ್ದೆ. ಆಚೆಗೆ ಕರೆದು, "ಅಕ್ಕ, ಅದು ಬೊಟ್ಟಲ್ಲ, ಬೋಲ್ಟು" ಎಂದೆ. "ಅಂಗೇ ಇರ್ಲಿ ಬಿಡಪ್ಪ" ಎಂದರು. ನಾಲ್ಕು ಬೊಟ್ಟು ಎಲ್ಲಿಂದ ಬಂತು ಎಂದು ಉಳಿದ ಹೆಂಗಸರನ್ನು ಕೇಳಿದರೆ, ಬೈತಲೆಗೊಂದು, ಹಣೆಗೊಂದು, ತಾಳಿಗೊಂದು, ಕೆನ್ನೆಗೊಂದು ದೃಷ್ಟಿಬೊಟ್ಟು ಎಂದು ಬೆರಳು ಮಡಚಿ ತೋರಿಸಿಯೇಬಿಟ್ಟರು.

ಆಮೇಲೆ ನನ್ನ ಹಾಡು ನನ್ನ ಕೈಗೆ ಸಿಗಲೇ ಇಲ್ಲ. ಒಂದು ಕಾರ್ಖಾನೆಯ ಮುಷ್ಕರದಲ್ಲಿ "ಗೋಡೆ ಒಡೆದು" ಎನ್ನುವ ಸಾಲನ್ನು ಗೇಟಿನ ಮುಂದೆ ಕೂಗಿದರು. ಯಾವ ಗೋಡೆ ಎಂದು ಇಬ್ಬರು ಪೊಲೀಸರು ನಮ್ಮ ಮನೆಗೆ ಬಂದು ವಿಚಾರಿಸಿದರು. ಶೆಡ್ಡಿನ ಗೋಡೆ ಎಂದೆ. ಯಾವ ಶೆಡ್ಡು ಎಂದು ಇನ್ನೂ ಗಾಬರಿಯಾದರು. ಜಾತಿ ಬಿಟ್ಟು ಮದುವೆಯಾದ ಒಂದು ಜೋಡಿ, ಆ ಗೋಡೆ ತಮ್ಮದೇ ಎಂದು ನನಗೆ ಕೈಮುಗಿದು ಸಿಹಿ ಕೊಟ್ಟು ಹೋಯಿತು. ನಮ್ಮ ಮಾಳಿಗೆ ಮನೆಯಲ್ಲಿ ಬಾಡಿಗೆಗಿರುವ ಬಾಲಾಜಿಯ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಅಲ್ಲಿ ಗೌರಿ ಎನ್ನುವ ಮ್ಯಾನೇಜರ್ ಕೆಲಸ ಬಿಟ್ಟಾಗ ಹುಡುಗರೆಲ್ಲ ಇದನ್ನೇ ಹಾಡಿದರಂತೆ. "ಅಂಕಲ್, ಮೇಡಂ ಫುಲ್ ಎಮೋಷನಲ್ ಆಗ್ಬಿಟ್ರು, ನಮಗೋಸ್ಕರ ಬರ್ದಿದೀರಾ ಅಂತ ಕೇಳಿದ್ರು" ಎಂದ. "ನೀನೇನಂದೆ?" ಎಂದೆ. "ಹೂಂ ಅಂದ್ಬಿಟ್ಟೆ ಅಂಕಲ್" ಎಂದ. ಲಾರಿಯಲ್ಲಿ ಹೋದರೇನಪ್ಪಾ ಆ ಮೇಡಮ್ಮು ಎಂದು ಕೇಳಬೇಕೆನ್ನಿಸಿತು.

ಅಧ್ಯಕ್ಷರನ್ನು ಮಾತ್ರ ಬಿಡಲಾರೆ. ಈ ಪುಸ್ತಕಕ್ಕೆ ಮುರಳಿಯವರು ಮುನ್ನುಡಿ ಬರೆದಿದ್ದಾರೆ. ನಾಲ್ಕು ಬೊಟ್ಟು ಎಂದರೆ ನಾಲ್ಕು ವೇದ, ಲಾರಿ ಎಂದರೆ ಕಾಲಪುರುಷ, ಬೆಚ್ಚಗಿರುವ ನೆಲ ಎಂದರೆ ಮೂಲಪ್ರಕೃತಿ ಎಂದು ಹನ್ನೊಂದು ಪುಟ ವಿವರಿಸಿದ್ದಾರೆ. ಸಾರ್, ತಾವು ವಿದ್ವಾಂಸರು. ಆದರೆ ಮಿಷಿನ್ನು ಹಗಲೆಲ್ಲ ತಿರುಗಿದರೆ ಅದರ ಕೆಳಗಿನ ನೆಲ ಬೆಚ್ಚಗಾಗುತ್ತದೆ. ನಾನು ಬೊಗಸೆಯಷ್ಟು ಜಾಗವನ್ನು ಮುಟ್ಟಿ ನೋಡಿದ್ದೇನೆ. ಮೂಲಪ್ರಕೃತಿ ಅಷ್ಟೇ ಇದ್ದದ್ದು.

ನಗುತ್ತಿದ್ದೀರಿ. ನಗಿ. ಆದರೆ ಈಗ ಹೇಳುವ ಮಾತಿಗೆ ನಗಬೇಡಿ.

ಹನ್ನೊಂದು ವರ್ಷದ ಹಿಂದೆ ಇದೇ ಸಭಾಂಗಣದಲ್ಲಿ ಪಿಳ್ಳಮ್ಮಕ್ಕನ ಮೊಮ್ಮಗಳು ಕೃಪಾಳ ಮದುವೆ ನಡೆಯಿತು. ತಂದೆಯಿಲ್ಲದ ಹುಡುಗಿ, ಅಜ್ಜಿಯೇ ಸಾಕಿದ್ದು. ಹೆಣ್ಣು ಒಪ್ಪಿಸುವಾಗ ಅಜ್ಜಿ ಹಾಡಲು ಶುರುಮಾಡಿದರು. ಮೂರನೆಯ ಸಾಲು ಬಂತು. ಬೊಟ್ಟು ಎಂದರು. ಅವತ್ತು ನನಗೆ ಏನು ಬಡಿದುಕೊಂಡಿತ್ತೋ ಕಾಣೆ. ಎದ್ದುಹೋಗಿ ಅವರ ಕೈಯಿಂದ ಮೈಕು ಕಿತ್ತುಕೊಂಡೆ. "ಸ್ವಾಮಿ, ಇದು ಮದುವೆ ಹಾಡಲ್ಲ, ಇದು ನನ್ನ ಲೇತ್ ಮಿಷಿನ್ನಿನ ಹಾಡು" ಎಂದು ಉಳಿಯಲ್ಲಿ ಹೆಸರು ಕೊರೆದಲ್ಲಿಂದ ಹಿಡಿದು ಎಲ್ಲ ವಿವರಿಸಿದೆ. ಜೇಬಿನಿಂದ ಒಂದು ಬೋಲ್ಟು ತೆಗೆದು ಎತ್ತಿ ತೋರಿಸಿದೆ. ಹೌದು, ನಾಲ್ಕರಲ್ಲಿ ಒಂದನ್ನು ಇಟ್ಟುಕೊಂಡಿದ್ದೆ. ಯಾಕೆ ಎಂದು ಕೇಳಬೇಡಿ. ಗಂಡಿನ ಕಡೆಯವರು ಬಿದ್ದು ಬಿದ್ದು ನಕ್ಕರು. "ನಮ್ ಸೊಸೆ ಲೇತ್ ಮಿಷಿನ್ನಂತೆ" ಎಂದು ಯಾರೋ ಕೂಗಿದರು. ಕೃಪಾ ತಲೆ ಎತ್ತಲಿಲ್ಲ. ಪಿಳ್ಳಮ್ಮಕ್ಕ ಹೋಗಿ ಮೊಮ್ಮಗಳ ಪಕ್ಕ ನಿಂತರು. ಅವತ್ತಿನಿಂದ ಇವತ್ತಿನವರೆಗೆ ಅವರು ಆ ಹಾಡನ್ನು ಹಾಡಿಲ್ಲ. ಬಳಗದ ಬೇರೆಯವರು ಹಾಡುತ್ತಾರೆ, ಅವರು ಎದ್ದು ಹೊರಗೆ ಹೋಗುತ್ತಾರೆ. ನಾನು ಗೆದ್ದೆ ಎಂದುಕೊಂಡೆ. ಮನೆಗೆ ಬಂದಮೇಲೆ ಅನುಸೂಯಮ್ಮ ಅಂದಳು, "ನಿಮ್ ಬೋಲ್ಟನ್ನ ನೀವೇ ತಿನ್ಕೊಳ್ಳಿ, ಇವತ್ ಅಡುಗೆ ಇಲ್ಲ." ಅವತ್ತು ನಿಜವಾಗಿಯೂ ಅಡುಗೆ ಇರಲಿಲ್ಲ.

ಸಭಿಕರೇ, ನಾನು ಕ್ಷಮೆ ಕೇಳಿದೆನೇ? ಇಲ್ಲ. ನಾನು ಹೇಳಿದ್ದು ನಿಜವಲ್ಲವೇ, ನಿಜ ಹೇಳಿದವನು ಯಾಕೆ ಕ್ಷಮೆ ಕೇಳಬೇಕು ಎಂದು ಹನ್ನೊಂದು ವರ್ಷ ಕೂತೆ.

ಹೋದ ತಿಂಗಳು ಒಂದು ಮಧ್ಯಾಹ್ನ ಫೋನು ಬಂತು. "ತಾತ, ನಾನು ಕೃಪಾ. ನಿಮ್ ಗೌರಿ ಇಲ್ಲಿ ಅವ್ಳೆ." ನನಗೆ ಮೊದಲು ಏನೂ ತಿಳಿಯಲಿಲ್ಲ. ಕೃಪಾ ಈಗ ಒಂದು ಕಂಪನಿಯಲ್ಲಿ ಮಾಲಿನ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಹಾಗೆ ಪರೀಕ್ಷೆಗೆಂದು ಅತ್ತಿಬೆಲೆಯ ನಲ್ಲಪ್ಪನವರ ವರ್ಕ್‌ಷಾಪಿಗೆ ಹೋಗಿದ್ದಾಳೆ. ಅಲ್ಲಿ ಒಂದು ಹಳೆಯ ಲೇತು, ಅದರ ತಲೆಯ ಮೇಲೆ ಸೊಟ್ಟ ಬಾಲದ "ಗೌ" ಕಂಡಿದ್ದಾಳೆ. ಅವಳಿಗೆ ಹೇಗೆ ಗೊತ್ತಾಯಿತು? ಅವಳ ಮದುವೆಯ ದಿನ ನಾನೇ ಮೈಕಿನಲ್ಲಿ ಹೇಳಿದ್ದೆನಲ್ಲ! ಬೇರೆಯವಳಾಗಿದ್ದರೆ ಅದನ್ನು ನೋಡಿ ಮುಖ ತಿರುಗಿಸಿ ಬರುತ್ತಿದ್ದಳು. ಈ ಹುಡುಗಿ ನನಗೆ ಫೋನು ಮಾಡಿದಳು. ಮಾರನೆಯ ದಿನ ಕಾರಿನಲ್ಲಿ ಕರೆದುಕೊಂಡೂ ಹೋದಳು.

ನಾನು ಏನು ಕಂಡೆ ಗೊತ್ತೇ? ಗೌರಿ ತಿರುಗುತ್ತಿದ್ದಳು! ತುಕ್ಕು ಹಿಡಿದು ಗುಜರಿಗೆ ಹೋಗಿರುತ್ತಾಳೆ ಎಂದು ನಾನು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದವಳು, ಇಪ್ಪತ್ತೆಂಟು ವರ್ಷದ ಮೇಲೂ ಅದೇ ಸದ್ದಿನಲ್ಲಿ ತಿರುಗುತ್ತಿದ್ದಳು. ಬೆಲ್ಟು ಸ್ವಲ್ಪ ಸಡಿಲವಾಗಿತ್ತು. ನಾನು ಹೇಳಿದೆ, ನಲ್ಲಪ್ಪನವರು ಬಿಗಿ ಮಾಡಿಸಿದರು. ಆಮೇಲೆ ಬಗ್ಗಿ ಅವಳ ಪಾದ ನೋಡಿದೆ. ನಾಲ್ಕು ಬೋಲ್ಟಿನ ಪಕ್ಕದಲ್ಲಿ ಕೆಂಪಗೆ, ದುಂಡಗೆ, ನಾಲ್ಕು ಬೊಟ್ಟು.

ಇದೇನು ಎಂದು ಕೇಳಿದೆ. ನಲ್ಲಪ್ಪನವರು ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ. "ಅವತ್ ಲಾರಿಯಿಂದ ಇಳಿಸ್ದಾಗ್ಲೇ ನಾಲ್ಕು ಕಾಲ್ಗೂ ಕುಂಕುಮದ ಬೊಟ್ಟಿತ್ತು ಸಾರ್. ನಿಮ್ ಪೀಣ್ಯ ಕಡೆ ಪದ್ಧತಿ ಅನ್ಕೊಂಡೆ. ಅಳಿಸ್ಬಾರ್ದು ಅಂತ ಪ್ರತಿ ಆಯುಧಪೂಜೆಗೂ ಅದ್ರ ಮೇಲೇ ಇಡ್ತಾ ಬಂದ್ವಿ. ಎಣ್ಣೆಗೆ ನಿಲ್ಲಲ್ಲ ಅಂತ ಆಮೇಲೆ ಪೇಂಟೇ ಹೊಡೆಸ್ಬಿಟ್ಟೆ. ಈಗ ನಮ್ ಶೆಡ್ಡಲ್ಲಿ ಎಲ್ಲಾ ಮಿಷಿನ್ಗೂ ನಾಲ್ಕು ಬೊಟ್ಟು ಸಾರ್. ಪಕ್ಕದ ಶೆಡ್ಡೋರೂ ಹಾಕ್ಕೊಂಡವ್ರೆ."

ನಾನು ಕೃಪಾಳ ಮುಖ ನೋಡಿದೆ. "ಇನ್ಯಾರು ತಾತ, ಅವತ್ ಆ ಶೆಡ್ಡಲ್ಲಿ ಇದ್ದ ಹೆಂಗಸು ಒಬ್ಳೇ ಅಲ್ವಾ" ಎಂದಳು.

ಆವತ್ತೇ ಸಂಜೆ ಪಿಳ್ಳಮ್ಮಕ್ಕನ ಮನೆಗೆ ಹೋದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಮೆಟ್ಟಿಲು ಹತ್ತಿದೆ. "ಅಕ್ಕ, ಅವತ್ತು ಗೌರಿಗೆ ಬೊಟ್ಟು ಇಟ್ಟವರು ನೀವಾ?" ಎಂದೆ. ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು, "ಊಂ ಕಣಪ್ಪ. ಎಣ್ಮಗ ಊರು ಬಿಟ್ಟು ಓಗ್ತಾ ಐತೆ, ಬರೀ ಮೈಯಲ್ಲಿ ಕಳಿಸ್ತಾರಾ? ಅಣೆ ಯಾವ್ದು ಅಂತ ಗೊತ್ತಾಗ್ಲಿಲ್ಲ, ಕಾಲ್ಗೇ ಇಕ್ದೆ. ನಂಗೂ ಕೈ ನಡುಗ್ತು."

ಸಭಿಕರೇ, ನಾನು ಬೋಲ್ಟು ಬಿಚ್ಚುವಾಗ ನನ್ನ ಕೈ ನಡುಗಿತು, ಅದನ್ನು ಬರೆದೆ. ಅದೇ ದಿನ, ಅದೇ ಜಾಗದಲ್ಲಿ, ಬೊಟ್ಟು ಇಡುವಾಗ ಇನ್ನೊಂದು ಕೈಯೂ ನಡುಗಿತ್ತು. ನನ್ನ ಹಾಡಿನೊಳಗೆ ಅವರು ತಮ್ಮ ಕೈಯನ್ನು ಸೇರಿಸಿದರು. ತಪ್ಪಾಗಿ ಕೇಳಿಸಿಕೊಂಡದ್ದಲ್ಲ, ಮರೆತದ್ದಲ್ಲ, ಕಲ್ಪಿಸಿಕೊಂಡದ್ದಲ್ಲ. ಕಣ್ಣಾರೆ ಕಂಡು ಕೈಯಾರೆ ಮಾಡಿದ್ದನ್ನು ಹಾಡಿದ ಹೆಂಗಸಿಗೆ ನಾನು ಇಪ್ಪತ್ತೆಂಟು ವರ್ಷ ಪಾಠ ಹೇಳಿದೆ. "ಇಷ್ಟು ವರ್ಷ ಯಾಕಕ್ಕ ಹೇಳಲಿಲ್ಲ?" ಎಂದು ಕೇಳಿದೆ. ಅವರಂದರು, "ನೀನ್ ಯಾವತ್ ಕೇಳ್ದೆ ಅನ್ಮಂತ? ಬರೀ ಏಳ್ತಾನೇ ಇದ್ದೆ."

ಹಾಗಾದರೆ ಅವರು ಬೊಟ್ಟಿಡುವಾಗ ನಾನೆಲ್ಲಿದ್ದೆ? ಅದನ್ನೂ ಕೇಳಿದೆ. ಕೇಳಬಾರದಿತ್ತು. "ನೀನು ಶೆಡ್ನ ಇಂದ್ಗಡೆ ಗೋಡೆಗೆ ಮಕ ಕೊಟ್ಕಂಡು ಅಳ್ತಿದ್ದೆ, ನಾನ್ ನೋಡ್ದೆ" ಎಂದರು. ಸ್ಪ್ಯಾನರ್ ಹುಡುಕುತ್ತಿದ್ದೆ ಅಕ್ಕ ಎಂದೆ. "ಸ್ಪಾನ್ರು ನಿನ್ ಜೋಬಲ್ಲೇ ಇತ್ತು" ಎಂದರು. ಇತ್ತು. ಜೇಬಿನಲ್ಲೇ ಇತ್ತು. ಗಂಡಸರ ಮುಂದೆ ಒಂದು ಮಿಷಿನ್ನಿಗಾಗಿ ಅಳಲು ನಾಚಿಕೆಯಾಗಿ ಹಿಂದಕ್ಕೆ ಹೋದೆ. ಅವಳಿಗೆ ಹೋಗಿ ಬಾ ಎಂದು ಒಂದು ಮಾತು ಹೇಳಲಿಲ್ಲ. ನಾನು ಹೇಳದ್ದನ್ನು ಪಿಳ್ಳಮ್ಮಕ್ಕ ಹೇಳಿ, ನನ್ನ ಗೌರಿಯನ್ನು ಮರ್ಯಾದೆಯಾಗಿ ಕಳಿಸಿಕೊಟ್ಟರು. ಅವರ ಮೊಮ್ಮಗಳನ್ನು ಕಳಿಸುವ ದಿನ ನಾನು ಅವರಿಗೆ ಮಾಡಿದ್ದೇನು? ನಿಮಗೆ ಗೊತ್ತಿದೆ. ಆ ತಪ್ಪನ್ನು ಇದೇ ಸಭಾಂಗಣದಲ್ಲಿ, ಇದೇ ಥರದ ಮೈಕಿನಲ್ಲಿ ಮಾಡಿದೆ. ಅದಕ್ಕೇ ಇಲ್ಲಿಯೇ ಹೇಳುತ್ತೇನೆ. ಕೃಪಾ, ತಪ್ಪಾಯಿತಮ್ಮ. ಪಿಳ್ಳಮ್ಮಕ್ಕ, ನನ್ನಿಂದ ದೊಡ್ಡ ತಪ್ಪಾಯಿತು, ಕ್ಷಮಿಸಿ.

ಈಗ ತೀರ್ಮಾನ. ಎಲ್ಲರೂ ನೋಡಿ, ಫೋಟೋದವರು ಹತ್ತಿರ ಬನ್ನಿ. ಪುಟ ನಲವತ್ತೊಂದು, ಮೂರನೆಯ ಸಾಲು, ಖಾಲಿ ಬಿಟ್ಟ ಜಾಗ. ಬರೆಯುತ್ತಿದ್ದೇನೆ. ಬೊ, ಟ್ಟು. ಮುಂದೆ "ಬಿಚ್ಚೋವಾಗ" ಇದ್ದಲ್ಲಿ "ಇಕ್ಕೋವಾಗ". ಕೆಳಗೆ ರಚನೆ ಹನುಮಂತರಾಯಪ್ಪ ಎಂದು ಅಚ್ಚಾಗಿದೆಯಲ್ಲ, ಅದರ ಪಕ್ಕದಲ್ಲಿ ಸೇರಿಸುತ್ತಿದ್ದೇನೆ: ಮೂರನೆಯ ಸಾಲು, ಪಿಳ್ಳಮ್ಮ. ಮುರಳಿ ಸಾರ್, ನಿಮ್ಮ ನಾಲ್ಕು ವೇದಗಳೂ ಇರಲಿ, ತೆಗೆಯಬೇಡಿ. ಬಾಲಾಜಿ, ನಿಮ್ಮ ಮೇಡಂಗೆ ಹೇಳು, ಅದು ಅವರ ಹಾಡೇ. ಒಂದು ಮಿಷಿನ್ನಿಗೆ ಬರೆದ ನಾಲ್ಕು ಸಾಲು ಮಾಕಳಿಯಿಂದ ಅತ್ತಿಬೆಲೆಯವರೆಗೆ ಇಷ್ಟು ಜನರನ್ನು ಅಳಿಸಿದೆ, ಇಷ್ಟು ಹೆಣ್ಣುಮಕ್ಕಳನ್ನು ಹರಸಿ ಕಳಿಸಿದೆ, ಒಂದು ಸಾಲಂತೂ ಕೆಂಪು ಪೇಂಟಾಗಿ ಶೆಡ್ಡಿಂದ ಶೆಡ್ಡಿಗೆ ಹಬ್ಬುತ್ತಿದೆ. ಇಂಥ ವಾದದಲ್ಲಿ ಸೋಲುವುದಕ್ಕೆ ಪುಣ್ಯ ಮಾಡಿರಬೇಕು. ಇವತ್ತು ಈ ಶಾಲು ಹೊದ್ದುಕೊಂಡು ಸೋತಿದ್ದೇನೆ, ಇಷ್ಟು ಸಂತೋಷ ನನಗೆ ಯಾವ ಗೆಲುವಿನಲ್ಲೂ ಆಗಿಲ್ಲ. ಚಪ್ಪಾಳೆ ಸಾಲದು, ಇನ್ನೂ ಜೋರಾಗಿ ಹೊಡೆಯಿರಿ!

ಆ ಬೋಲ್ಟು ಎಲ್ಲಿ ಎಂದು ಅನುಸೂಯಮ್ಮ ಅಲ್ಲಿಂದಲೇ ಕೈಸನ್ನೆ ಮಾಡುತ್ತಿದ್ದಾಳೆ. ಗೌರಿಯ ಒಂದು ಕಾಲಿನ ಬೋಲ್ಟು ಸವೆದಿತ್ತು. ಅಲ್ಲಿಯೇ ಹಾಕಿ ಬಿಗಿದು ಬಂದಿದ್ದೇನೆ ಮಾರಾಯ್ತಿ, ಇನ್ನು ಮೇಲೆ ದಿನಾ ಅಡುಗೆ ಮಾಡು.

ನನ್ನ ಮಾತು ಮುಗಿಯಿತು. ಪಿಳ್ಳಮ್ಮಕ್ಕ, ಅವತ್ತು ನಿಮ್ಮ ಕೈಯಿಂದ ಕಿತ್ತುಕೊಂಡ ಮೈಕನ್ನು ಇವತ್ತು ವಾಪಸ್ಸು ತಂದಿದ್ದೇನೆ. ಕೃಪಾ, ಅಜ್ಜಿಯ ಕೈ ಹಿಡಿದು ಮೇಲೆ ಕರೆದುಕೊಂಡು ಬಾ. ಮೆಟ್ಟಿಲು ಜೋಪಾನ. ಅವತ್ತು ಮೂರನೆಯ ಸಾಲಿಗೆ ನಿಂತದ್ದನ್ನು ಅಲ್ಲಿಂದಲೇ ಮುಂದುವರಿಸಿ ಅಕ್ಕ. ನೋಡಿ, ಏಳುತ್ತಿದ್ದಾರೆ! ಫ್ಯಾನು ಬಿಟ್ಟು ನನ್ನ ಮುಖ ನೋಡುತ್ತಿದ್ದಾರೆ!

ನನ್ನನ್ನು ಕರೆದ ಬಳಗಕ್ಕೆ, ನನ್ನ ಗೌರಿಯನ್ನು ಇಷ್ಟು ವರ್ಷ ಸಾಕಿದ ನಲ್ಲಪ್ಪನವರಿಗೆ, ಪೆನ್ನು ಕೊಟ್ಟ ಅಧ್ಯಕ್ಷರಿಗೆ, ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲರಿಗೂ ನನ್ನ ವಂದನೆಗಳು. ನಾನು ಇಲ್ಲಿಯೇ, ಎಲ್ಲರ ಎದುರಿಗೆ, ಈ ಮುಂದಿನ ಕುರ್ಚಿಯಲ್ಲಿ ಕೂತು ಕೇಳುತ್ತೇನೆ. ಕಣ್ಣು ಒದ್ದೆಯಾದರೆ ಆಗಲಿ, ಈ ಸಲ ಸ್ಪ್ಯಾನರ್ ಹುಡುಕಲು ಹೋಗುವುದಿಲ್ಲ. ನಮಸ್ಕಾರ.